ಹೊರಗಿನಿಂದ ಕಟ್ಟುವ ಡೇರೆ

ಹುಬ್ಬಳ್ಳಿಯ ಕಮರಿಪೇಟೆಯ ಉಸ್ಮಾನಸಾಬರು ಇನ್ನು ಮುಂದೆ ಯಾರ ಹಂಗೂ ಇಲ್ಲದೆ ಬದುಕುವುದೆಂದು ಘೋಷಿಸಿದ್ದು ಒಂದು ಗುರುವಾರ ಸಂಜೆ, ಹೆಂಡತಿ ಮಾಡಿಕೊಟ್ಟ ಚಹಾ ಕುಡಿಯುತ್ತ!

"ಕೇಳಿಲ್ಲೆ ಅಮೀನಾ! ಬರೋ ಐತವಾರ ನಾವಿಬ್ಬರೂ ಬಯಲಾಗ ಇರೋರು. ಮುಂಜಾನೆ ಹೋಗಿ ಸಂಜಿಕ ಬರೋದು. ನಮ್ಮ ಡೇರೆ, ನಮ್ಮ ಬೆಂಕಿ, ನಮ್ಮ ಅಡಗಿ! ಯಾರನ್ನೂ ಒಂದು ಕಡ್ಡಿ ಸೈತ ಕೇಳಂಗಿಲ್ಲ. ಏನಂತಿ?"

ಅಮೀನಾಬಿ ಗೋಡೆಯ ಕಡೆ ನೋಡುತ್ತಲೇ "ಆತ್ರಿ" ಅಂದಳು. ಮಂಗಳ ಗ್ರಹಕ್ಕೆ ಹೋಗೋಣ ಎಂದಿದ್ದರೂ ಅಷ್ಟೇ ಅನ್ನುತ್ತಿದ್ದಳು.

ಉಸ್ಮಾನಸಾಬರ ಸಂಕಟವೇ ಅದು. ಈ ಬೇಸಿಗೆಯಲ್ಲಿ ಅಮೀನಾಬಿಯ ಅಕ್ಕ ಶಹಜಹಾನಬೇಗಂ ತೀರಿಕೊಂಡಿದ್ದಳು. ಅಕ್ಕ ಎಂದರೆ ಬರೀ ಅಕ್ಕನಲ್ಲ. ತಾಯಿಯಿಲ್ಲದ ತಂಗಿಗೆ ತಲೆ ಬಾಚಿ, ತುತ್ತು ತಿನ್ನಿಸಿ, ಮದುವೆ ಮಾಡಿಕೊಟ್ಟ ಅಕ್ಕ. ಮೂರನೆಯ ದಿನದ ಜಿಯಾರತ್ ಪ್ರಾರ್ಥನೆ ಮುಗಿಸಿ ಎದ್ದವರೆಲ್ಲ ಬಾಗಿಲಲ್ಲಿ ನಿಂತು "ಸಬರ್ ಮಾಡವ್ವಾ, ತಾಳ್ಕೋ" ಎಂದು ಹೇಳಿ ಹೋದರು. ಅಮೀನಾಬಿ ತಾಳಿಕೊಂಡಳು. ಯಾರೂ ಹೇಳದಷ್ಟು ತಾಳಿಕೊಂಡಳು. ಮಾತು ನಿಂತಿತು, ಊಟ ಅರ್ಧವಾಯಿತು, ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಹೀಗೇ ಬಿಟ್ಟರೆ ಇವಳೂ ತನ್ನ ಕೈಬಿಟ್ಟು ಹೋದಾಳೆಂಬ ಹೆದರಿಕೆ ಉಸ್ಮಾನಸಾಬರನ್ನು ಹಗಲಿಡೀ ಕಾಡುತ್ತಿತ್ತು.

ಹೆದರಿದ ಗಂಡಸು ಸುಮ್ಮನೆ ಕೂಡುತ್ತಾನೆಯೇ? ಅವರದು ಲಾರಿಯ ಮಾಲಿಗೆ ಹೊದಿಸುವ ತಾಡಪತ್ರಿ ಹೊಲಿಯುವ ಕೆಲಸ. ಮನೆಯ ಮುಂದಿನ ಖೋಲಿಯೇ ಅಂಗಡಿ. ಒಳಗೆ ಅಮೀನಾಬಿ ಒಮ್ಮೆ ಮೂಗು ಸೊರ್ ಅನ್ನಿಸಿದರೆ ಸಾಕು, ಸಾಹೇಬರು ಹೊಲಿಗೆ ಬಿಟ್ಟು, ದಬ್ಬಣ ಕೈಯಲ್ಲಿ ಹಿಡಿದುಕೊಂಡೇ ಓಡಿ ಬರುತ್ತಿದ್ದರು! ಲಾರಿ ಮಾಲಕರು ಜಗಳಾಡುವುದನ್ನು ಅವರದೇ ದನಿ ತೆಗೆದು ಅಣಕಿಸಿ ತೋರಿಸುತ್ತಿದ್ದರು. ಫೋನಿನಲ್ಲಿ ನಗೆಯ ವಿಡಿಯೋ ಹಚ್ಚಿ ಅವಳ ಮೂಗಿನ ಮುಂದೆ ಹಿಡಿಯುತ್ತಿದ್ದರು. ಅವಳು ಒಲೆಯ ಮುಂದೆ ಹೋಗಿ ಕೂತರೆ ಬಿಸಿ ಮಿರ್ಚಿಭಜಿ ತಂದು ಕೊಡುತ್ತಿದ್ದರು. ಅಮೀನಾಬಿ ಕಣ್ಣೊರೆಸಿಕೊಂಡು, ಅವರ ಸಮಾಧಾನಕ್ಕೆ ತುಟಿ ಸ್ವಲ್ಪ ಅಗಲ ಮಾಡುವಳು. "ಹಾಂ, ನಕ್ಕಳು!" ಎಂದು ಸಾಹೇಬರು ಗೆದ್ದು ಬಂದವರಂತೆ ಹೊಲಿಗೆಗೆ ಹಿಂತಿರುಗುವರು. ಮರುದಿನ ಮತ್ತೆ ಅದೇ ಗೋಡೆ, ಅದೇ ನೋಟ.

ಆಗ ಫೋನಿನಲ್ಲಿ ಒಬ್ಬ ಗಡ್ಡದ ಮಹಾನುಭಾವ ಸಿಕ್ಕ. ಯಾವುದೋ ಕಾಡಿನಲ್ಲಿ ಕೂತು, ಬಯಲಲ್ಲಿ ಬದುಕುವುದು ಹೇಗೆಂದು ಲೋಕಕ್ಕೆಲ್ಲ ಪಾಠ ಹೇಳುವವನು. ಡೇರೆ ಎಲ್ಲಿ ಹಾಕಬೇಕು, ಕಡ್ಡಿಪೆಟ್ಟಿಗೆಯಿಲ್ಲದೆ ಬೆಂಕಿ ಹೇಗೆ ಹೊತ್ತಿಸಬೇಕು, ಎಲ್ಲ ಅವನಿಗೆ ಗೊತ್ತು. ಕೊನೆಗೆ ಅವನು ಹೇಳಿದ್ದು ಉಸ್ಮಾನಸಾಬರ ಎದೆಗೇ ನಾಟಿತು: ಬಯಲಿನ ಗಾಳಿ ಎಂಥ ಭಾರವಾದ ಮನಸ್ಸನ್ನೂ ಹಗುರ ಮಾಡುತ್ತದಂತೆ!

ಡೇರೆ ಕೊಳ್ಳುವ ಮಾತೇ ಇಲ್ಲ. ತಾಡಪತ್ರಿ ಹೊಲಿಯುವವನು ಡೇರೆ ಕೊಳ್ಳುವುದೆಂದರೆ ಅಪಮಾನ. ಎರಡು ದಿನ ಕೂತು ತಾವೇ ಹೊಲಿದರು. ದಪ್ಪ ಹೊಲಿಗೆ, ಅಂಚಿಗೆಲ್ಲ ಹಗ್ಗ ಪೋಣಿಸುವ ಹಿತ್ತಾಳೆಯ ಕಣ್ಣು, ಕಣ್ಣಿಗೆಲ್ಲ ನೂಲಿನ ಹಗ್ಗ. "ಇದರಾಗ ಒಂದು ಹನಿ ನೀರು ಹೊಕ್ಕರ ನನ್ನ ಹೆಸರು ಬದಲಿ ಮಾಡ್ರಿ!" ಎಂದು ಓಣಿಗೆಲ್ಲ ಸಾರಿದರು.

ರವಿವಾರ ಮುಂಜಾನೆ ಸ್ಕೂಟರಿನ ಮೇಲೆ ಡೇರೆಯ ಗಂಟು, ಅಕ್ಕಿ, ಬೇಳೆ, ಒಂದು ಬೋಗುಣಿ ಮತ್ತು ಅಮೀನಾಬಿಯನ್ನು ಕೂರಿಸಿಕೊಂಡು ಸಾಹೇಬರು ಹೆಬ್ಬಳ್ಳಿ ಹಳ್ಳಿಯ ಕಡೆ ಹೊರಟರು. ಅಲ್ಲಿ ಮೈಲಾರಲಿಂಗಪ್ಪನ ಹೊಲ. ಅವನ ಹೊಟ್ಟಿನ ಬಣವೆಗೆ ಹೊದಿಸುವ ತಾಡಪತ್ರಿಯನ್ನು ಹೊಲಿದುಕೊಟ್ಟ ಗುರುತು. ಹೆಸರುಕಾಳಿನ ಬೆಳೆ ಕಿತ್ತು ಹೊಲ ಖಾಲಿಯಾಗಿತ್ತು, ಕಡಲೆ ಬಿತ್ತನೆಗೆ ಇನ್ನೂ ಹೊತ್ತಿತ್ತು. ಹೊಲದ ಆಚೆ ತುದಿಗೇ ಅವನ ಮನೆ.

"ಬರ್ರಿ ಸಾಹೇಬ್ರ, ಬರ್ರಿ ಅಕ್ಕಾರ! ಮಧ್ಯಾಹ್ನ ರೊಟ್ಟಿಗೆ ಮನಿಗೆ ಬರ್ರಿ. ನಮ್ಮಾಕಿ ರೇಣವ್ವ ಕಡ್ಲಿಹಿಟ್ಟಿನ ಜುಣಕ ಮಾಡ್ಯಾಳ" ಎಂದ ಮೈಲಾರಲಿಂಗಪ್ಪ.

"ಇವತ್ತ ಬ್ಯಾಡಪಾ ಲಿಂಗಪ್ಪಣ್ಣಾ. ಇವತ್ತ ನಾವು ಯಾರ ಕೈಯಾಗಿಂದೂ ಉಣ್ಣಂಗಿಲ್ಲ!"

ಮೈಲಾರಲಿಂಗಪ್ಪ ಪಾಪ, ಸಾಹೇಬರದು ಏನೋ ಉಪವಾಸವಿರಬೇಕೆಂದು ತಿಳಿದು ಕೈಮುಗಿದು ಹೋದ.

ಡೇರೆ ಎದ್ದಿತು. ನಡುವೆ ಬಿದಿರು, ಸುತ್ತ ಗೂಟ. ನೋಡಿದರೆ ಧಾನ್ಯ ತುಂಬಿದ ಲಾರಿಯೊಂದು ಗಾಲಿ ಕಳೆದುಕೊಂಡು ಹೊಲದಲ್ಲಿ ಕೂತಂತಿತ್ತು. ಅಮೀನಾಬಿ ಬದುವಿನ ಮೇಲೆ ಕೂತು ದೂರ ನೋಡುತ್ತಿದ್ದಳು. ಮೋಡ ಕವಿದು ಹೊಲವೆಲ್ಲ ಮಂಕಾಗಿತ್ತು. ಉತ್ತರಿ ಮಳೆ ಯಾವಾಗ ಬೇಕಾದರೂ ಬರಬಹುದಿತ್ತು. ಗಡ್ಡದವನು ಮೋಡದ ವಿಷಯ ಏನೋ ಹೇಳಿದ್ದ, ಆ ಭಾಗವನ್ನು ಸಾಹೇಬರು ನೋಡಿರಲಿಲ್ಲ.

ಮುಂದೆ ಬೆಂಕಿ. ಗಡ್ಡದವನ ವಿದ್ಯೆಯ ಪ್ರಕಾರ ಬ್ಯಾಟರಿಯ ಎರಡೂ ಮೊನೆಗೆ ಪಾತ್ರೆ ತಿಕ್ಕುವ ತಂತಿ ಮುಟ್ಟಿಸಿದರೆ ಕಿಡಿ ಹಾರುತ್ತದೆ. ಅವನದು ಅಂಗೈಯಲ್ಲಿ ಹಿಡಿಯುವ ಬ್ಯಾಟರಿ. ಉಸ್ಮಾನಸಾಬರು ದೊಡ್ಡ ಮನಸ್ಸಿನವರು, ಸೀದಾ ಸ್ಕೂಟರಿನ ಬ್ಯಾಟರಿಗೇ ಕೈಹಾಕಿದರು!

"ನೋಡೀಗ ಅಮೀನಾ! ಕಡ್ಡಿಪೆಟಗಿ ಇಲ್ದ ಬೆಂಕಿ!"

ಚಟ್ ಎಂದಿತು. ತಂತಿಯ ಮುದ್ದೆ ಭಗ್ಗನೆ ಹೊತ್ತಿಕೊಂಡಿತು. ಸಾಹೇಬರು ಹೌಹಾರಿ ಕೈಕೊಡವಿದರು. ಅದು ಹಾರಿ ಅವರದೇ ಎಡಗಾಲ ಚಪ್ಪಲಿಯ ಮೇಲೆ ಬಿತ್ತು. ಕಾಲು ಕಿತ್ತು ಕುಣಿದರು, ಚಪ್ಪಲಿ ಕರಗಿತು. ಈ ಕುಣಿತ ಮುಗಿಯುವಷ್ಟರಲ್ಲಿ ಸ್ಕೂಟರಿನ ಸೀಟಿನ ಕೆಳಗಿಂದ ಸಣ್ಣಗೆ ಹೊಗೆ ಎದ್ದು, ವೈರುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು, ಗಾಡಿ ತಣ್ಣಗಾಯಿತು.

"ಬೆಂಕಿ ಆತೇನ್ರಿ?" ಎಂದಳು ಅಮೀನಾಬಿ. ನಗಲಿಲ್ಲ. ನಿಜವಾಗಿಯೇ ಕೇಳಿದ್ದಳು.

"ಆತು... ಹೋತು" ಎಂದರು ಸಾಹೇಬರು.

ಎರಡನೆಯ ಬೆಂಕಿ ಹೊತ್ತಲಿಲ್ಲ. ಅಕ್ಕಿ ಅಕ್ಕಿಯಾಗಿಯೇ, ಬೇಳೆ ಬೇಳೆಯಾಗಿಯೇ ಉಳಿದವು. ಆಚೆ ಮನೆಯಿಂದ ಜುಣಕದ ಒಗ್ಗರಣೆಯ ವಾಸನೆ ಗಾಳಿಯಲ್ಲಿ ತೇಲಿ ಬಂತು. ಸಾಹೇಬರು ಗಾಳಿ ಬರದ ಕಡೆಗೆ ಮುಖ ತಿರುಗಿಸಿ ಕೂತರು. ಹೊಟ್ಟೆ ಗುರುಗುಟ್ಟಿತು. ಹೋಗಿ ಕೇಳೋಣವೆಂದರೆ ಮುಂಜಾನೆ ಆಡಿದ ಮಾತು ಅಡ್ಡ ಬಂತು. ಹೆಂಡತಿಯೂ ಹಸಿದಿದ್ದಾಳೆ, ತನ್ನಿಂದಲೇ ಹಸಿದಿದ್ದಾಳೆ ಎನ್ನಿಸಿ ಅವರಿಗೆ ಬಹಳ ಕೆಟ್ಟದೆನಿಸಿತು. ಆ ಕೆಟ್ಟದ್ದನ್ನು ಮರೆಸಲು ಒಂದು ಜೋಕು ಹೇಳಿದರು. ಅಮೀನಾಬಿ ತುಟಿ ಅಗಲ ಮಾಡಿದಳು.

ಅಷ್ಟರಲ್ಲಿ ಮಳೆ ಬಂತು. ಹನಿಹನಿಯಾಗಿ ಬರುವ ಸೌಜನ್ಯ ತೋರಿಸಲಿಲ್ಲ, ಸುರಿಯಿತು. ಸ್ಕೂಟರು ಸತ್ತಿತ್ತು, ಊರಿಗೆ ಹೋಗುವ ದಾರಿ ಇಲ್ಲ.

"ಒಳಗ ನಡೀ ಅಮೀನಾ, ಒಳಗ!"

ಅಮೀನಾಬಿ ಒಳಗೆ ಹೋದಳು. ಗಾಳಿಗೆ ಬಾಗಿಲ ಸೆರಗು ಪಟಪಟ ಬಡಿಯುತ್ತ, ನೀರು ಒಳಗೆ ಎರಚತೊಡಗಿತು. ಸಾಹೇಬರು ಸೆರಗು ಎಳೆದು ಹಿಡಿದು, ಕಣ್ಣಿನಿಂದ ಕಣ್ಣಿಗೆ ಹಗ್ಗ ಪೋಣಿಸಿ, ಎಳೆದು, ಬಿಗಿದು, ತಮ್ಮ ಹೆಸರುವಾಸಿ ಗಂಟು ಹಾಕಿದರು. ಹುಬ್ಬಳ್ಳಿಯಲ್ಲಿ ಹಾಕಿದರೆ ಲಾರಿ ಮುಂಬೈ ಮುಟ್ಟುವತನಕ ಕಳ್ಳನ ಕೈಗೂ ಬಿಚ್ಚದ ಗಂಟು ಅದು! ಗಂಟು ಬಿಗಿದು ಕೈಕೊಡವಿಕೊಂಡ ಮೇಲೆ ಸಾಹೇಬರಿಗೆ ಒಂದು ಸಂಗತಿ ಹೊಳೆಯಿತು. ಅವರು ಹೊರಗಿದ್ದರು.

ಮೂವತ್ತು ವರ್ಷದ ಕೈ ಅದು. ಲಾರಿಯ ಮಾಲು ಎಂದಾದರೂ ಒಳಗೆ ಕೂತು ತನ್ನ ತಾಡಪತ್ರಿಯನ್ನು ತಾನೇ ಕಟ್ಟಿಕೊಂಡದ್ದುಂಟೇ? ಹಗ್ಗ, ಕಣ್ಣು, ಗಂಟು ಎಲ್ಲವೂ ಹೊರಗೇ! ಈ ಡೇರೆಯನ್ನು ಯಾರಾದರೊಬ್ಬರು ಹೊರಗೆ ನಿಂತೇ ಮುಚ್ಚಬೇಕು, ಹೊರಗೆ ನಿಂತೇ ತೆಗೆಯಬೇಕು. ಇಬ್ಬರು ಒಳಗೆ ಕೂತು ಮುಚ್ಚಿಕೊಳ್ಳುವ ಏರ್ಪಾಡನ್ನು ಹೊಲಿದವರು ಮಾಡಿಯೇ ಇರಲಿಲ್ಲ.

ಬಿಚ್ಚಲು ಹೋದರು. ನೂಲಿನ ಹಗ್ಗ ನೀರು ಕುಡಿದು ಉಬ್ಬಿ, ಗಂಟು ಕಲ್ಲಾಗಿತ್ತು. ಉಗುರಿನಿಂದ ಕೆದರಿದರು, ಹಲ್ಲಿನಿಂದ ಕಚ್ಚಿದರು. ಎರೆಮಣ್ಣು ಬರಿಗಾಲಿಗೆ ಮೆತ್ತಿ ಮೆತ್ತಿ, ಎಡಗಾಲು ಒಂದು ಸೇರು ತೂಕವಾಯಿತು. ತಮ್ಮ ಕಸುಬು ಅಷ್ಟು ಗಟ್ಟಿಯೆಂದು ಅವರಿಗೆ ಅಂದೇ ಖಾತ್ರಿಯಾದದ್ದು!

ಆಗ ಒಳಗಿನಿಂದ ದನಿ ಕೇಳಿತು. ಮೊದಲು ಬಿಕ್ಕು. ಆಮೇಲೆ ಸಣ್ಣಗೆ ಅಕ್ಕನನ್ನು ಕರೆದದ್ದು, "ಆಪಾ..." ಆಮೇಲೆ ದೊಡ್ಡ ಅಳು. ಮಣ್ಣು ಕೊಟ್ಟ ದಿನವೂ ಅಮೀನಾಬಿ ಹಾಗೆ ಅತ್ತಿರಲಿಲ್ಲ. ಕತ್ತಲಲ್ಲಿ ಕೂಡಿಹಾಕಿ ಹೆದರಿಸಿದೆನಲ್ಲ ಎಂದು ಸಾಹೇಬರು ತಾಡಪತ್ರಿಗೆ ಬಾಯಿ ಹಚ್ಚಿದರು.

"ಅಮೀನಾ! ಅಂಜಬ್ಯಾಡ, ನಾ ಇಲ್ಲೇ ಅದೇನಿ! ಕೇಳ, ಒಬ್ಬ ಲಾರಿ ಡ್ರೈವರ್ ಇದ್ದನಂತ..."

ಅಳು ಗಕ್ಕನೆ ನಿಂತಿತು. ಸಾಹೇಬರು ಹುರುಪಿನಿಂದ ಡ್ರೈವರನ ಕತೆಯನ್ನು ಪೂರ್ತಿ ಹೇಳಿ, ತಾವೇ ನಕ್ಕು, ಕಿವಿಗೊಟ್ಟರು. ಒಳಗೆ ಏನೂ ಇಲ್ಲ. ಕತೆ ಹೇಳುವವರ ಉಸಿರು ಮುಗಿದು ಅವರು ಸುಮ್ಮನಾದ ಮೇಲೆ ಅಳು ಮತ್ತೆ ಮೊದಲಾಯಿತು. ಎರಡನೆಯ ಜೋಕಿಗೂ ಹಾಗೆಯೇ. ಮೂರನೆಯದನ್ನು ಸಾಹೇಬರು ಹೇಳಲಿಲ್ಲ. ನೆನಪಾಗಲಿಲ್ಲ.

ಮಳೆ ಜಿನುಗಿಗೆ ಇಳಿದಾಗ ಮೈಲಾರಲಿಂಗಪ್ಪ ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೇರಿಸಿಕೊಂಡು ಬಂದ. ಹಿಂದೆ ಅವನ ಹೆಂಡತಿ ರೇಣವ್ವ.

"ಇದೇನ್ರಿ ಸಾಹೇಬ್ರ, ನೀವು ಹೊರಗ ತೊಯ್ಯಾಕತ್ತೀರಿ? ಅಕ್ಕಾರ ಎಲ್ಲಿ?"

"ಒಳಗ ಅದಾಳೋ ಮಾರಾಯಾ! ಗಂಟು ಬಿಚ್ಚವಲ್ದು!"

"ಯಾರು ಹಾಕಿದ್ದು?"

"ನಾನ!"

ಮೈಲಾರಲಿಂಗಪ್ಪ ಒಂದು ಕ್ಷಣ ಸಾಹೇಬರ ಮುಖ ನೋಡಿದ. ಆಮೇಲೆ ಸೊಂಟದ ಕುಡುಗೋಲು ತೆಗೆದ. "ಸರೀರಿ ಅತ್ತಾಗ. ಕೊಯ್ದ ಬಿಡ್ತೇನಿ."

"ಕೊಯ್ಯಬ್ಯಾಡ್ರಿ ಅಣ್ಣಾರ" ಎಂದಿತು ಡೇರೆ.

ಹೊರಗಿನವರು ಮೂವರೂ ಬೆಚ್ಚಿದರು. ಉಸ್ಮಾನಸಾಬರಂತೂ ಈ ಬೇಸಿಗೆಯಿಂದೀಚೆಗೆ ಅವಳ ಬಾಯಿಂದ ಅಷ್ಟು ಗಟ್ಟಿ ದನಿ ಕೇಳಿರಲಿಲ್ಲ.

"ಯಾಕ್ರಿ ಅಕ್ಕಾರ? ಒಳಗ ಉಸಿರು ಕಟ್ಟತೈತಿ."

"ಇಲ್ರಿ, ಆರಾಮ ಅದೇನಿ. ನನ್ನದಿನ್ನೂ ಸ್ವಲ್ಪ ಅಳೋದೈತಿ."

ಮೈಲಾರಲಿಂಗಪ್ಪನಿಗೆ ಕುಡುಗೋಲನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಅಳುವವರು ಹೀಗೆ ಮುಂದಾಗಿ ಹೇಳಿ ಅಳುವುದನ್ನು ಅವನು ಕಂಡಿರಲಿಲ್ಲ. "ಎಷ್ಟೊತ್ತಾಗಬಹುದ್ರಿ?" ಎಂದು ಮರ್ಯಾದೆಯಿಂದ ಕೇಳಿದ. "ನಮ್ಮ ಎಮ್ಮಿ ಹಿಂಡೋ ಹೊತ್ತಾತು."

"ನೀವು ಹಿಂಡಿ ಬರ್ರಿ ಅಣ್ಣಾರ."

ರೇಣವ್ವ ಗಂಡನನ್ನು ಬದಿಗೆ ಸರಿಸಿದಳು. "ಏನ್ ಗಂಡಸರು ಅದೀರಿ? ಒಬ್ಬಾಕೀನ ಅಳಾಕ ಬಿಟ್ಟು ಕುಡುಗೋಲ ಹಿಡಕೊಂಡು ನಿಂತೀರಿ! ನಮ್ಮ ಊರಾಗ ಅಳೋರನ್ನ ಒಬ್ಬರನ್ನ ಬಿಡಂಗಿಲ್ಲ" ಎಂದು ಡೇರೆಯ ಬೆನ್ನಿಗೆ ಹೋಗಿ, ಒಂದು ಗೂಟ ಹಿಡಿದು ಎಳೆದಳು. ನೆನೆದ ಎರೆಮಣ್ಣಿನಿಂದ ಗೂಟ ಸರಾಗವಾಗಿ ಕಿತ್ತು ಬಂತು. ಬಣವೆಯ ಹೊದಿಕೆ ಎತ್ತುವಂತೆ ಅಂಚು ಎತ್ತಿ, ಬಾಗಿ, ಒಳಗೆ ಹೋಗಿಯೇಬಿಟ್ಟಳು!

ಒಳಗಿನ ಮಾತು ಹೊರಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಯಾರು ಹೋಗ್ಯಾರ ನಿಮ್ಮವರು?"

"ನಮ್ಮ ಆಪಾ. ಅಕ್ಕ."

"ಏನಂತ ಇತ್ತವಾ ಹೆಸರು?"

"ಶಹಜಹಾನಬೇಗಂ."

"ಹ್ಯಾಂಗ ಇದ್ರು? ಹೇಳವಾ."

ಅಮೀನಾಬಿ ಹೇಳತೊಡಗಿದಳು. ಆಪಾ ಹೇಗೆ ತಲೆ ಬಾಚುತ್ತಿದ್ದಳು, ಎಷ್ಟು ಬಿಗಿ ಜಡೆ ಹಾಕುತ್ತಿದ್ದಳು, ಹಬ್ಬದ ದಿನ ತನ್ನ ಪಾಲಿನ ಶೀರಖುರ್ಮಾ ತಂಗಿಯ ಬಟ್ಟಲಿಗೆ ಸುರಿದು ತನ್ನದು ಉಂಡಾತೆಂದು ಹೇಗೆ ಸುಳ್ಳು ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಅತ್ತಳು. ರೇಣವ್ವನೂ ಅತ್ತಳು, ಯಾರನ್ನು ನೆನೆದೋ, ಅವಳಿಗೇ ಗೊತ್ತು. ಇಬ್ಬರ ಅಳುವೂ ಕೂಡಿ ಡೇರೆ ತುಂಬಿತು. ಹೊರಗೆ ಉಸ್ಮಾನಸಾಬರು ಒಂದು ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು. ಮನೆಯಲ್ಲಿ ಇಷ್ಟು ದಿನ ಒಮ್ಮೆಯಾದರೂ ತಾನು ಅಕ್ಕನ ಬಗ್ಗೆ ಹೀಗೆ ಕೇಳಿದ್ದೆನೇ ಎಂದು ಯೋಚಿಸಿದರು. ಕೇಳಿರಲಿಲ್ಲ.

ಮೈಲಾರಲಿಂಗಪ್ಪ ಎಮ್ಮೆ ಹಿಂಡಲು ಹೋದ. ಒಬ್ಬರೇ ಉಳಿದ ಸಾಹೇಬರ ಕಣ್ಣು ಕಿತ್ತು ಬಿದ್ದ ಆ ಗೂಟದ ಮೇಲೆ ಹೋಯಿತು. ಒಳಗಿನಿಂದ ತಳ್ಳಿದರೂ ಬರುವಷ್ಟು ಸಡಿಲ! ಬಾಗಿ, ಅಂಚು ತುಸು ಎತ್ತಿದರು.

"ಅಮೀನಾ! ಹಿಂಗ ಕೆಳಗಿಂದ ಹೊರಗ ಬರಾಕ ಬರತಿತ್ತಲ್ಲ! ನಿನಗ ತಿಳೀಲಿಲ್ಲೇನ?"

ಒಳಗೆ ಅಳು ಸ್ವಲ್ಪ ನಿಂತಿತು. ಮೂಗೊರೆಸಿಕೊಂಡ ಸದ್ದು.

"ಆಗಲೇ ತಿಳದಿತ್ರಿ."

"ಮತ್ತ ನನಗ ಹೇಳಬಾರದೇನ?"

"ಹೇಳಿದ್ರ ನೀವು ಒಳಗ ಬಂದು ನಗಸ್ತಿದ್ರಿ."