ಅರ್ಥವಾಗದ ಬ್ಲಾಗಿಗೆ ಅನುಮತಿ

ವಕೀಲಿಕೆ ಘನವಾದ ವೃತ್ತಿ; ಅದಕ್ಕೆ ಜಾಹೀರಾತು ನಿಷಿದ್ಧ. ಎಂಬಾಲೆ ಪಟ್ಟಣದ ವಕೀಲರ ಶಿಸ್ತು ಸಮಿತಿ ಈ ಘನತೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದೆ. ಕಚೇರಿಯ ಹೊರಗೆ ಒಂದೇ ನಾಮಫಲಕ, ಎರಡಡಿ ಉದ್ದ, ಒಂದಡಿ ಅಗಲ. ಒಂದಂಗುಲ ಹೆಚ್ಚಿದರೂ ಸಮಿತಿಯ ಕಾರ್ಯದರ್ಶಿಯಾದ ನಾನೇ ಟೇಪು ಹಿಡಿದು ಹೋಗುತ್ತೇನೆ.

ಇಂಥ ಊರಿನಲ್ಲಿ ರೆಹೆಮಾ ನಂಬೋಜೋ ಎಂಬ ಕಿರಿಯ ವಕೀಲೆ ಬ್ಲಾಗ್ ಶುರು ಮಾಡಿದಳು. ಮೊದಲ ಬರಹ, 'ಗಂಡ ಸತ್ತರೆ ಮನೆ ಯಾರದ್ದು?' ಮೈದುನ ಮನೆ ಮಾರಲು ಹೊರಟರೆ ನೋಟಿಸು ಬಿದ್ದ ಹದಿನಾಲ್ಕು ದಿನದೊಳಗೆ ಜಮೀನು ಕಚೇರಿಗೆ ತಕರಾರು ಅರ್ಜಿ ಕೊಡಿ, ವಕೀಲರು ಬೇಕಾಗಿಲ್ಲ ಎಂದು ಅದರಲ್ಲಿತ್ತು. ಎಲೆಕೋಸು ಮಾರುವ ವಿಧವೆ ನಂದುಡು ಇದನ್ನು ಫೋನಿನಲ್ಲಿ ಓದಿದಳು. ಅವಳ ಮೈದುನ ಹಿಂದಿನ ದಿನವಷ್ಟೇ ಮನೆ ಮಾರಾಟದ ನೋಟಿಸು ಅಂಟಿಸಿದ್ದ. ಓದುವಾಗ ಅವಳು ಕೂತಿದ್ದದ್ದು ನಮ್ಮ ಸಮಿತಿಯ ಅಧ್ಯಕ್ಷರಾದ ವಮೋನೋ ಅವರ ವಕೀಲಿ ಕಚೇರಿಯಲ್ಲಿ, ಕೇಸು ಕೊಡಲು ಸರದಿ ಕಾಯುತ್ತ. ಓದಿ ಮುಗಿಸಿ ಎದ್ದು ಹೋಗಿಬಿಟ್ಟಳು.

ವಮೋನೋ ಅವರು ಅಂದೇ ದೂರು ಬರೆದರು. ಅಧ್ಯಕ್ಷರಾಗಿ ತಾವೇ ಸ್ವೀಕರಿಸಿದರು. ವಿಚಾರಣೆ ಮುಗಿಯುವ ತನಕ ಆ ಬರಹವನ್ನು ಓದಿ ಸಲ್ಲಿಸಿದ ಅರ್ಜಿಗಳನ್ನು ಯಾವ ಕಚೇರಿಯೂ ತೆಗೆದುಕೊಳ್ಳತಕ್ಕದ್ದಲ್ಲ ಎಂದು ಪ್ರಕಟಣೆ ಹೊರಟಿತು. ಜಮೀನು ಕಚೇರಿಯವರು ನಂದುಡುವಿನ ಅರ್ಜಿಯನ್ನು ಗೌರವಪೂರ್ವಕವಾಗಿ ಹಿಂದಿರುಗಿಸಿದರು. ನಂಬೋಜೋಳ ವಕೀಲಿ ಪರವಾನಗಿಯ ನವೀಕರಣವೂ ನಿಂತಿತು.

ಅಧ್ಯಕ್ಷರೂ ಸೇರಿ ಐವರು ಸದಸ್ಯರ ಮುಂದೆ ನಾನು ಬ್ಲಾಗನ್ನು ಅಳೆದೆ. ಬೆರಳಿನಿಂದ ಜಾರಿಸಿದಷ್ಟೂ ಅದು ಕೆಳಕ್ಕೆ ಬೆಳೆಯುತ್ತಲೇ ಹೋಯಿತು. ಒಟ್ಟು ಒಂಬತ್ತಡಿ.

"ಏಳಡಿ ಹೆಚ್ಚು! ನನ್ನ ಇಡೀ ಜೀವಮಾನದಲ್ಲಿ ಇಂಥ ಬೋರ್ಡು ನೋಡಿಲ್ಲ," ಎಂದರು ಅಧ್ಯಕ್ಷರು.

"ಸರ್, ಅದು ಬೋರ್ಡಲ್ಲ. ಜನಕ್ಕೆ ಕಾನೂನು ಗೊತ್ತಾಗ್ಲಿ ಅಂತ ಬರ್ದೆ," ಎಂದಳು ನಂಬೋಜೋ.

ಹಿರಿಯ ಸದಸ್ಯರಾದ ಖೌಖಾ ಕನ್ನಡಕ ಒರೆಸಿಕೊಂಡರು. "ಕಾನೂನು ಬರಿ ಮಗಳೇ, ಯಾರು ಬೇಡ ಅಂದ್ರು? ಅರ್ಥ ಆಗೋ ಹಾಗೆ ಯಾಕೆ ಬರೀತೀಯಾ? ಅರ್ಥ ಆದ್ರೆ ಜನ ನಿನ್ನ ಹೊಗಳ್ತಾರೆ. ಹೊಗಳಿದ್ರೆ ಜಾಹೀರಾತು!"

ಇಷ್ಟು ಸರಳ ತತ್ವ ನಮಗೆ ಯಾರಿಗೂ ಹೊಳೆದಿರಲಿಲ್ಲ. ಕೂಡಲೇ ನಿಯಮವಾಯಿತು. ಬ್ಲಾಗ್ ಇಡಬಹುದು; ಓದಿದವರಿಗೆ ಅರ್ಥವಾಗಕೂಡದು. ಪರೀಕ್ಷೆಗೆ ನಂದುಡುವನ್ನೇ ಕರೆಸಿದೆವು.

ನಂಬೋಜೋ ತಿದ್ದಿ ತಂದದ್ದನ್ನು ನಂದುಡು ಗಟ್ಟಿಯಾಗಿ ಓದಿದಳು.

"ಅರ್ಥ ಆಯ್ತೇನಮ್ಮಾ?" ಎಂದರು ಅಧ್ಯಕ್ಷರು.

"ಆಗ್ದೇ ಏನು ಯಜಮಾನ್ರೇ? ಮನೆ ನಂದು, ಆ ಮೂದೇವಿ ಮಾರೋ ಹಾಗಿಲ್ಲ ಅಂತ!"

ತಿರಸ್ಕೃತ. ಮೂರು ದಿನ ಬಿಟ್ಟು ಮತ್ತೆ ಓದಿಸಿದೆವು, ಮತ್ತೆ ಅರ್ಥವಾಯಿತು. ಅದರ ಮುಂದಿನ ವಾರವೂ ಅದೇ ಹಾಡು. ಆ ಹೆಂಗಸಿನ ಬುದ್ಧಿಯ ಮೇಲೆ ನನಗೆ ಸಿಟ್ಟೇ ಬಂತು.

"ಅಕ್ಕಾ, ಅರ್ಥ ಆಗ್ಲಿಲ್ಲ ಅಂತ ಒಂದು ಸುಳ್ಳು ಹೇಳಿಬಿಡಿ," ಎಂದು ನಂಬೋಜೋ ಬಾಗಿಲ ಬಳಿ ಬೇಡಿಕೊಂಡಳು.

"ನನ್ನ ಮನೆ ವಿಷ್ಯ ಕಣಮ್ಮಾ. ಅದು ಅರ್ಥ ಆಗ್ಲಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಕೊನೆಗೆ ಖೌಖಾ ಅವರೇ ಲೇಖನಿ ಹಿಡಿದರು. 'ಮೃತನ ಉಪಭುಕ್ತ ಸ್ಥಾವರದ ಪರಭಾರೆಗೆ ಸಂಬಂಧಿಸಿದಂತೆ ಪೂರ್ವೋಕ್ತ ಅವಧಿಗೊಳಪಟ್ಟು ತಕರಾರು ನಿಷೇಧಿತವಲ್ಲದ ಹೊರತು ಅಗ್ರಾಹ್ಯವಲ್ಲತಕ್ಕದ್ದು.' ನಂದುಡು ಎರಡು ಸಲ ಓದಿದಳು. ಅವಳ ಮುಖ ಸಣ್ಣದಾಯಿತು.

"ಏನೂ ತಿಳೀತಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಬ್ಲಾಗಿಗೆ ಅನುಮತಿ ದೊರೆಯಿತು. ನಂಬೋಜೋಳ ಪರವಾನಗಿಗೆ ಅಲ್ಲೇ ಮೊಹರು ಬಿತ್ತು.

"ಹಾಗಾದ್ರೆ ನನ್ನ ಅರ್ಜಿ?" ಎಂದಳು ನಂದುಡು.

"ಹದಿನಾಲ್ಕು ದಿನ ನಿನ್ನೆಗೇ ಮುಗೀತಲ್ಲಮ್ಮಾ," ಎಂದರು ಅಧ್ಯಕ್ಷರು ಮರುಕದಿಂದ. "ಈಗ ಕೋರ್ಟೇ ಗತಿ. ಅದಕ್ಕೆ ವಕೀಲರು ಬೇಕೇ ಬೇಕು."

ಐವರು ಸದಸ್ಯರೂ ಎದ್ದು ತಮ್ಮ ತಮ್ಮ ವಿಸಿಟಿಂಗ್ ಕಾರ್ಡನ್ನು ಅವಳ ಕೈಗಿಟ್ಟರು. ನಂಬೋಜೋ ನೆಲ ನೋಡುತ್ತ ತಾನೂ ಒಂದು ಕೊಟ್ಟಳು. ಆರನ್ನೂ ಹಿಡಿದುಕೊಂಡು ನಂದುಡು ನನ್ನ ಮೇಜಿನ ಬಳಿ ಬಂದು, ಇವರಲ್ಲಿ ಯಾರು ಒಳ್ಳೆಯವರು ಎಂದು ಕೇಳಿದಳು. ಒಬ್ಬರ ಹೆಸರು ಹೇಳಿದರೆ ಜಾಹೀರಾತಾಗುತ್ತದೆ; ಆದ್ದರಿಂದ ನಾನು ಟೇಪು ತೆಗೆದು ಆರೂ ಕಾರ್ಡುಗಳನ್ನು ಅಳೆದು ಅವಳ ಕೈಗೇ ಹಿಂದಿರುಗಿಸಿದೆ.