ನಿಂತ ಚಿತ್ರ

ಈ ಕತೆಯನ್ನು ಯಾರು ಹೇಳಿದರೂ ಒಂದು ತಿರುಪಿನಿಂದಲೇ ಆರಂಭಿಸುತ್ತಾರೆ. ಕೇಬಲ್ಲಿನ ಮೂತಿಗೆ ಕೂರಿಸುವ, ಬೆರಳ ತುದಿಯಷ್ಟು ಗಾತ್ರದ ಲೋಹದ ತಿರುಪು. ಅದು ಸಡಿಲವಾದದ್ದು ಯಾರದೋ ಮನೆಯಲ್ಲಿ. ಅನುಭವಿಸಿದವರು ಮಾತ್ರ ಮೂರನೆಯ ಮಹಡಿಯ ಕನ್ನಡಕದವರು.

ಬೀದಿಯ ತಿರುವಿನಲ್ಲಿ ಅವರದೊಂದು ಸಣ್ಣ ಕನ್ನಡಕದ ಅಂಗಡಿ. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸಿ ಕೊಡುವುದು ಕೆಲಸ. ಒಬ್ಬಂಟಿ, ಮಿತಭಾಷಿ. ಆ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯದೆ ಅವರು ಕಂಪ್ಯೂಟರಿನ ಮುಂದೆ ಕುಳಿತು, ದೂರದ ಊರಿನ ಆಸ್ಪತ್ರೆಯಲ್ಲಿದ್ದ ಅತ್ತಿಗೆಯೊಡನೆ ಮಾತನಾಡುತ್ತಿದ್ದರು. ಅಣ್ಣನ ಗಂಟಲಿಗೆ ಅಂದು ಮಧ್ಯಾಹ್ನ ಶಸ್ತ್ರಚಿಕಿತ್ಸೆ. ಜೀವಕ್ಕೆ ಭಯವಿಲ್ಲ, ಧ್ವನಿ ಮಾತ್ರ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿಬಿಟ್ಟಿದ್ದರು. ತಾಯಿ ತೀರಿಕೊಂಡ ದಿನ ಬಾಯಿತಪ್ಪಿ ಬಂದ ಒಂದು ಮಾತಿನಿಂದಾಗಿ ಅಣ್ಣತಮ್ಮಂದಿರು ವರ್ಷಗಳಿಂದ ದೂರವಾಗಿದ್ದರು. ಸುದ್ದಿ ತಲುಪಿದ್ದೇ ಹಿಂದಿನ ದಿನ. ಹೊರಟರೂ ಮುಟ್ಟುವಷ್ಟು ಹೊತ್ತಿರಲಿಲ್ಲ.

“ನಿಮ್ಮಣ್ಣಾನೇ ಕೇಳಿದ್ರು ಕಣಪ್ಪಾ. ಧ್ವನಿ ಹೋಗೋಕೆ ಮುಂಚೆ ಅವನ ಮುಖ ನೋಡ್ಕೊಂಡು ಒಂದು ಮಾತು ಆಡ್ಬೇಕು ಅಂದ್ರು. ಮೂರು ಗಂಟೆಗೆ ನೀನು...” ಎಂದ ಅತ್ತಿಗೆ ತೆರೆಯ ಮೇಲೆ ಅಲ್ಲಿಗೇ ನಿಂತರು. ಬಾಯಿ ಅರ್ಧ ತೆರೆದು, ಒಂದು ಕಣ್ಣು ಮುಚ್ಚಿ, ಬರಬೇಕಾದ ಸೀನು ಬಾರದೆ ಸಿಕ್ಕಿಬಿದ್ದವರ ಹಾಗೆ.

ಕನ್ನಡಕದವರು ಕೂಡಲೇ ಕೇಬಲ್ಲಿನವನಿಗೆ ಹೇಳಿ ಕಳಿಸಿದರು. ಮೂರು ಗಂಟೆಗೂ ಹೀಗೆಯೇ ಆದರೆ?

ಕೇಬಲ್ಲಿನವನು ಬಂದು ಮೆಟ್ಟಿಲ ಗೋಡೆಯ ಪೆಟ್ಟಿಗೆ ತೆರೆದ. ಒಳಗೆ ಕಪ್ಪು ಕೇಬಲ್ಲುಗಳು ಬುಟ್ಟಿಯಲ್ಲಿನ ಹಾವುಗಳಂತೆ ಸುತ್ತಿಕೊಂಡಿದ್ದವು.

“ನೋಡಿ ಸಾರ್, ಬೀದಿಯಿಂದ ಬರೋದು ಒಂದೇ ದಪ್ಪ ಕೇಬಲ್ಲು. ನಡುವೆ ತಾಮ್ರದ ತಂತಿ, ಸುತ್ತ ಜಾಲರಿ. ಟಿವಿನೂ ಅದರಲ್ಲೇ, ಇಂಟರ್ನೆಟ್ಟೂ ಅದರಲ್ಲೇ, ಬೇರೆ ಬೇರೆ ಅಲೆ ಮೇಲೆ ಓಡುತ್ತೆ. ಇಲ್ಲಿಂದ ಎಲ್ಲಾರ ಮನೆಗೂ ಕವಲು. ಮನೆಗೆ ಬರೋ ದಾರಿ ಅಗಲ, ಮನೆಯಿಂದ ಹೋಗೋ ದಾರಿ ಇಕ್ಕಟ್ಟು. ಯಾರ ಮನೇಲಾದ್ರೂ ತಿರುಪು ಸಡಿಲ ಇದ್ರೆ ಸಾಕು, ಹೊರಗಿನ ಗಲಾಟೆಯೆಲ್ಲ ಅಲ್ಲಿಂದ ನುಗ್ಗಿ ಎಲ್ಲಾರ ದಾರಿನೂ ಕೆಡಿಸುತ್ತೆ.”

“ಯಾರ ಮನೆ ಅಂತ ತಿಳಿಯೋದು ಹೇಗಪ್ಪಾ?”

“ಒಂದೊಂದಾಗಿ ಬಿಚ್ಚಿ ನೋಡ್ಬೇಕು.”

ಒಂದೊಂದಾಗಿ ಬಿಚ್ಚಿದಂತೆ ಒಂದೊಂದಾಗಿ ಬಾಗಿಲುಗಳು ತೆರೆದುಕೊಂಡವು. ಎದುರುಮನೆಯಾಕೆ ಸೌಟು ಹಿಡಿದೇ ಬಂದಳು. “ನಮ್ಮನೇಲಿ ಸಡಿಲ ಇರೋದು ನಮ್ಮೆಜಮಾನ್ರ ಪ್ಯಾಂಟು ಒಂದೇ. ಬೇಕಾದ್ರೆ ಬಂದು ನೋಡ್ಕೊಳ್ಳಿ.” ಕಟ್ಟಡದ ಸಂಘದ ಸೆಕ್ರೆಟರಿ ಗಲ್ಲಕ್ಕೆ ಅರ್ಧ ಸೋಪು ಹಚ್ಚಿಕೊಂಡೇ ಕೆಳಗಿಳಿದು, ಇಂಥ ಬೇಜವಾಬ್ದಾರಿ ಮನೆಯನ್ನು ಹುಡುಕಿ ನೋಟಿಸ್ ಕೊಡುವುದಾಗಿ ಸಾರಿದರು.

ಲೈನಿನ ಗಲಾಟೆ ನಿಂತದ್ದು ಸೆಕ್ರೆಟರಿಯ ಮನೆಯ ಕೇಬಲ್ ಬಿಚ್ಚಿದಾಗ. ಅಡುಗೆಮನೆಯ ಎರಡನೆಯ ಟಿವಿಗೆ ಅವರು ತಾವೇ ಕವಲು ತೆಗೆದು, ತಿರುಪು ಕೂರದ ಕಡೆ ಗಾಯಕ್ಕೆ ಅಂಟಿಸುವ ಪಟ್ಟಿ ಸುತ್ತಿದ್ದರು.

“ಅದು ತಾತ್ಕಾಲಿಕ ವ್ಯವಸ್ಥೆ,” ಎಂದರು ಸೆಕ್ರೆಟರಿ.

“ಯಾವಾಗಿಂದ ಸಾರ್?”

“ಈ ಮನೆಗೆ ಬಂದಾಗಿಂದ.”

ಕೇಬಲ್ಲಿನವನು ಅದನ್ನು ಸರಿಪಡಿಸಿ ಒಂದು ಸಲಹೆ ಕೊಟ್ಟ: ಲೈನು ಎಲ್ಲರಿಗೂ ಸೇರಿದ್ದು, ಮೂರರಿಂದ ಅರ್ಧ ಗಂಟೆ ಉಳಿದವರು ಇಂಟರ್ನೆಟ್ ಆರಿಸಿದರೆ ಒಳ್ಳೆಯದು. ತಪ್ಪು ತಲೆಗೆ ಬಂದಿದ್ದ ಸೆಕ್ರೆಟರಿ ತಾವೇ ಮನೆಮನೆ ಹತ್ತಿಳಿದು ಎಲ್ಲರನ್ನೂ ಒಪ್ಪಿಸಿದರು. ಧ್ವನಿ ಹೋಗಲಿರುವ ಅಣ್ಣನ ಸಂಗತಿ ಕೇಳಿ ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ.

ಆದರೆ ಇಂಟರ್ನೆಟ್ ಆರಿಸಿದ ಜನ ಎಲ್ಲಿಗೆ ಹೋಗಬೇಕು? “ಮನೇಲಿ ಕೂತು ಗೋಡೆ ನೋಡೋದಾ?” ಎನ್ನುತ್ತ ಎದುರುಮನೆಯಾಕೆ ಬಂದು ಕನ್ನಡಕದವರ ಮಂಚದ ಮೇಲೆ ಕುಳಿತಳು. ಸೆಕ್ರೆಟರಿ ಕುರ್ಚಿ ಹಿಡಿದರು. ಅಕ್ಕಪಕ್ಕದವರು ಕಿಟಕಿಯ ಕಟ್ಟೆ, ಹೊಸ್ತಿಲು ತುಂಬಿದರು. ಕನ್ನಡಕದವರ ಕೋಣೆ ಹಲ್ಲಿನ ವೈದ್ಯರ ಹೊರಕೋಣೆಯಂತಾಯಿತು; ನೋವು ಒಬ್ಬರದು, ಜೊತೆಗೆ ಬಂದವರು ಹಲವರು.

ಮೂರು ಗಂಟೆಗೆ ತೆರೆ ಬೆಳಗಿತು. ಹಾಸಿಗೆಯ ಅಂಚಿನಲ್ಲಿ ಅಣ್ಣ ಕುಳಿತಿದ್ದರು. ಒಳಸೇರಿದ ಕೆನ್ನೆ, ಕುತ್ತಿಗೆಗೆ ಬಿಳಿಯ ಬಟ್ಟೆ. ವರ್ಷಗಳಲ್ಲಿ ಆ ಮುಖ ಥೇಟು ತಂದೆಯ ಮುಖವಾಗಿಬಿಟ್ಟಿತ್ತು. ಕನ್ನಡಕದವರು ಬೆಳಗಿನಿಂದ ಮನಸ್ಸಿನಲ್ಲೇ ತಿದ್ದಿ ತೀಡಿದ ವಾಕ್ಯ ಎಲ್ಲೋ ಕರಗಿಹೋಯಿತು. ಅವರು ಸುಮ್ಮನೆ ನೋಡಿದರು. ಅಣ್ಣನೂ ನೋಡಿದರು. ಅಣ್ಣನ ತುಟಿ ಕೂದಲೆಳೆಯಷ್ಟು ತೆರೆಯಿತು. ತೆರೆದದ್ದು ಹಾಗೆಯೇ ಉಳಿಯಿತು.

“ಸ್ಟ್ರಕ್ ಆಗಿದೆ,” ಎಂದು ಸೆಕ್ರೆಟರಿ ಪಿಸುಗುಟ್ಟಿದರು.

ಕನ್ನಡಕದವರು ಇನ್ನಷ್ಟು ಹತ್ತಿರಕ್ಕೆ ಬಾಗಿದರು. ತೆರೆಯ ಮೇಲೆ ಅದೇ ತುಟಿ, ಅದೇ ಕಣ್ಣು.

“ನೋಡ್ತಾ ಕೂತ್ರೆ ಟೈಮು ಹೋಗುತ್ತೆ. ರೆಪ್ಪೆ ಸಹ ಬಡೀತಿಲ್ಲ, ಕಾಣಿಸ್ತಿಲ್ವಾ? ಕೇಬಲ್ ಬಿಚ್ಚಿ ಹಾಕಿ. ನಾವೆಲ್ಲ ಹಾಗೇ ಮಾಡೋದು,” ಎಂದರು ಸೆಕ್ರೆಟರಿ.

ಬೆಳಿಗ್ಗೆ ಅತ್ತಿಗೆ ನಿಂತದ್ದು ಕನ್ನಡಕದವರ ಕಣ್ಣಮುಂದೆ ಬಂತು. ಕನ್ನಡಕಗಳಿಗೆ ಕೂದಲಿನಷ್ಟು ಸಣ್ಣ ತಿರುಪುಗಳನ್ನು ಕೂರಿಸಿ ಪಳಗಿದ ಕೈ. ಒಂದೇ ತಿರುವಿಗೆ ಕೇಬಲ್ ಕಳಚಿ ಬಂತು. ಮೇಜಿನ ಮೇಲಿನ ಇಂಟರ್ನೆಟ್ ಪೆಟ್ಟಿಗೆಯ ದೀಪಗಳು ಆರಿದವು. ಮತ್ತೆ ಕೂರಿಸಿದ ಮೇಲೆ ನಿದ್ದೆಯಿಂದ ಎದ್ದವರ ಹಾಗೆ ಒಂದೊಂದೇ ಮಿಣುಕುತ್ತ, ಹೊತ್ತು ನುಂಗುತ್ತ ಹತ್ತಿಕೊಂಡವು.

ಚಿತ್ರ ಮರಳಿತು. ಖಾಲಿ ಹಾಸಿಗೆ. ಹಿಂದಿನ ಕಿಟಕಿಯಲ್ಲಿ ಪರದೆ ಗಾಳಿಗೆ ತೂಗುತ್ತಿತ್ತು.

“ನೋಡಿ, ಈಗ ಹೇಗೆ ಕನ್ನಡಿ ಹಾಗೆ ಬಂತು,” ಎಂದರು ಸೆಕ್ರೆಟರಿ.

ಎದುರುಮನೆಯಾಕೆ ತಗ್ಗಿದ ದನಿಯಲ್ಲಿ ಹೇಳಿದಳು: “ಆ ಪರದೆ ಆಗ್ಲೂ ಹೀಗೇ ಅಲ್ಲಾಡ್ತಿತ್ತು.”

“ಯಾವಾಗ?” ಎಂದರು ಕನ್ನಡಕದವರು.

“ಸ್ಟ್ರಕ್ ಆಗಿದೆ ಅಂದ್ರಲ್ಲ, ಆವಾಗ. ಸೆಕ್ರೆಟರಿಯವ್ರೇ ಹೇಳಿದ್ಮೇಲೆ ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ನಿದ್ದೆ.”

ಚಿತ್ರ ನಿಂತಿರಲಿಲ್ಲ. ತಮ್ಮನ ಮುಖ ಕಂಡು ಅಣ್ಣನಿಗೆ ಮಾತು ನಿಂತಿತ್ತು.

ಅಷ್ಟರಲ್ಲಿ ಅತ್ತಿಗೆ ಬಂದು ಹಾಸಿಗೆಯ ಮೇಲೆ ಕುಳಿತರು. “ಯಾಕಪ್ಪಾ ಕಟ್ ಮಾಡ್ಬಿಟ್ಟೆ?”

“ಅಣ್ಣ ಎಲ್ಲಿ ಅತ್ತಿಗೆ?”

“ಈಗ ಒಳಗೆ ಕರ್ಕೊಂಡು ಹೋದ್ರು. ಬೆಳಿಗ್ಗೆಯಿಂದ ನನ್ನ ಮುಂದೆ ಹೇಳಿ ಹೇಳಿ ನೋಡಿದ್ರು, ಹೀಗಂದ್ರೆ ಸರಿನಾ, ಹಾಗಂದ್ರೆ ಸರಿನಾ ಅಂತ. ನಿನ್ನ ನೋಡಿದ್ದೇ ಗಂಟಲು ಕಟ್ಕೊಂಡ್ತು. ಇನ್ನೇನು ಬಾಯಿ ತೆಗೀತಿದ್ರು, ನೀನು ಹೋಗ್ಬಿಟ್ಟೆ. ಅವನ ಕೋಪ ಇಳಿದಿಲ್ಲ ಕಣೇ ಅಂದ್ರು.”

“ಕೋಪ ಅಲ್ಲ ಅತ್ತಿಗೆ. ನಾನು ಲೈನು...” ಮುಂದಿನ ಮಾತು ಅವರಿಗೇ ನಾಚಿಕೆಯೆನಿಸಿತು.

“ಇರ್ಲಿ ಬಿಡು. ಬಾಗಿಲ ಹತ್ರ ನನ್ನ ಕೈ ಹಿಡ್ಕೊಂಡು ಒಂದು ಮಾತು ಹೇಳಿದಾರೆ. ಅವನಿಗೆ ಹೀಗೇ ಹೇಳು, ಒಂದಕ್ಷರ ಬಿಡ್ಬೇಡ ಅಂತ. ಅವರು ಹೇಳಿದ್ದು...”

ಅತ್ತಿಗೆ ನಿಂತರು. ತಲೆ ಬಾಗಿತ್ತು, ಕೈ ಬಾಯಿಯ ಮೇಲಿತ್ತು.

ಸೆಕ್ರೆಟರಿಯ ಕೈ ತಾನಾಗಿ ಕೇಬಲ್ಲಿನತ್ತ ಚಾಚಿತು. ಕನ್ನಡಕದವರು ಅದನ್ನು ನಡುವೆಯೇ ಹಿಡಿದರು. “ಮುಟ್ಬೇಡಿ. ಅಳ್ತಿದಾರೆ.”

“ಪರದೆ?” ಎಂದು ಯಾರೋ ಕೇಳಿದರು.

“ಗಾಳಿ ನಿಂತಿರ್ಬೇಕು,” ಎಂದಳು ಎದುರುಮನೆಯಾಕೆ, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ.

ಎಲ್ಲರೂ ಕಾದರು. ಕೆಮ್ಮು ಬಂದವರು ಅದನ್ನು ನುಂಗಿಕೊಂಡರು. ಕಿಟಕಿಯ ಬಿಸಿಲು ಮಂಚದಿಂದ ಇಳಿದು ನೆಲ ಮುಟ್ಟಿತು. ಅತ್ತಿಗೆ ತಲೆ ಎತ್ತಲಿಲ್ಲ. ಕನ್ನಡಕದವರು ತೆರೆಯಿಂದ ಕಣ್ಣು ಕೀಳಲಿಲ್ಲ.

ಬೆಳಿಗ್ಗೆ ಬಿಟ್ಟುಹೋಗಿದ್ದ ಏಣಿ ಒಯ್ಯಲು ಕೇಬಲ್ಲಿನವನು ಬಾಗಿಲಿಗೆ ಬಂದ. “ಅರ್ಧ ಗಂಟೆ ಮುಗೀತು ಅಂತ ಕೆಳಗಿನ ಮಹಡಿಯೋರೆಲ್ಲ ಒಟ್ಟಿಗೆ ಹಾಕ್ಕೊಂಡಿದಾರೆ ಸಾರ್, ಲೈನು ಕಟ್ಕೊಂಡಿದೆ,” ಎನ್ನುತ್ತ ತೆರೆಯತ್ತ ಬಗ್ಗಿ ನೋಡಿದ. “ಇದು ನಿಂತು ಬಹಳ ಹೊತ್ತಾಗಿದೆಯಲ್ಲ. ಯಾರೂ ನೋಡ್ಲಿಲ್ವಾ?”

“ಸುಮ್ನಿರಪ್ಪಾ,” ಎಂದರು ಕನ್ನಡಕದವರು. “ಅವರೇನೋ ಹೇಳ್ತಾ ಇದಾರೆ.”