ಟೇಸನ್ನಿಂದ ಮನೆಗಂಟ ಒಂದು ಮಾರ್ಚು

ಮದ್ವೆ ಮನೆಗೋದ್ರೂ ಸಾವಿನ ಮನೆಗೋದ್ರೂ ಬ್ಯಾಂಡ್ನೋರಿಗೆ ಏನಾರ ಒಂದು ಆಗೇ ಆಯ್ತದೆ. ಸುಮ್ಕೆ ಬಾರ್ಸಿ, ಸುಮ್ಕೆ ಉಂಡು, ಸುಮ್ಕೆ ಮನೆಗೆ ಬಂದಿದ್ದು ನನ್ ಜಲ್ಮದಲ್ಲೇ ಇಲ್ಲ. ನಾನು ಮದ್ದೂರು ಬ್ಯಾಂಡ್ನಲ್ಲಿ ದೊಡ್ ಡ್ರಮ್ಮು ಬಡೀತಿದ್ದೋನು. ಡ್ರಮ್ಮು ಒಟ್ಟೆ ಮೇಲೆ ಕಟ್ಕಂಡ್ರೆ ಮುಂದೇನಾಯ್ತಾ ಅದೆ ಅಂತ ಸರಿಯಾಗಿ ಕಾಣಕ್ಕಿಲ್ಲ. ಅದ್ಕೇ ನಾನು ಯೋಳೋದ್ರಲ್ಲಿ ಅರ್ಧ ಕಂಡಿದ್ದು, ಅರ್ಧ ಕೇಳಿದ್ದು, ಮಿಕ್ಕಿದ್ದು ನಂದೇ.

ನಮ್ ಬ್ಯಾಂಡಿನ ಯಜಮಾನ್ರು ಒಬ್ರು ಸಾಬ್ರು. ದಂಡಿನ ಬ್ಯಾಂಡ್ನಲ್ಲಿ ಕಾರ್ನೆಟ್ಟು ಅಂತ ಗಿಡ್ಡ ಕಹಳೆ ಊದಿ, ಪಿಂಚಣಿ ತಕ್ಕಂಡು ಮದ್ದೂರಿಗೆ ಬಂದು ಸೇರ್ಕಂಡಿದ್ರು. ಅವ್ರ ಎಂಡ್ರನ್ನ ನಾವೆಲ್ಲಾ ಬೂವಮ್ಮ ಅಂತಿದ್ವಿ. ಒಬ್ನೇ ಮಗ, ಅವ್ನೂ ಕಾರ್ನೆಟ್ಟೇ. ಸಾಬ್ರು ಊದ್ತಾ ಇದ್ದಿದ್ದು ಕಮ್ಮಿ, ಕಟ್ತಾ ಇದ್ದಿದ್ದೇ ಜಾಸ್ತಿ. ಕಟ್ಟೋದು ಬರೀ ಮಾರ್ಚು, ಎಜ್ಜೆ ಆಕ್ಕಂಡು ಓಗಕ್ಕೆ ಬಾರ್ಸೋ ಮಟ್ಟು.

ನಾಲೆಗೆ ಬಿದ್ದ ಮಾರ್ಚು

ಬೇರೆ ಬ್ಯಾಂಡ್ನೋರು ಒಂದು ಮಾರ್ಚು ಕಲ್ತು ಎಲ್ಲಾ ಬೀದೀಲೂ ಅದ್ನೇ ಊದೋರು. ನಮ್ ಸಾಬ್ರು ಅಂಗಲ್ಲ, ರೋಡಿಗೊಂದು ಮಾರ್ಚು. ಯಾರಾರ ಕರೆಯಕ್ಕೆ ಬಂದ್ರೆ ಮೊದ್ಲು ಓಗಿ ಆ ಬೀದಿ ನಡ್ಕಂಡು ಬರೋರು. ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲಿ ಚರಂಡಿ ದಾಟ್ಬೇಕು, ಎಲ್ಲಾ ಕಾಲಲ್ಲೇ ನೋಡ್ಕಂಡು, ಬಾಯಲ್ಲಿ ತೂರ್ ರಮ್ ಪಮ್ ಅಂತ ಕಟ್ಕಂಡು ಬರೋರು. ಮೆರವಣಿಗೆ ಎದ್ದಾಗ ಸುರುವಾದ ಮಾರ್ಚು ಬಾಗ್ಲು ಮುಟ್ದಾಗ ಮುಗೀಬೇಕು. ಮಳವಳ್ಳಿ ಪ್ಯಾಟೆ ಮಾರ್ಚ್ನ ಕಿರುಗಾವಲಲ್ಲಿ ಬಾರ್ಸಿದ್ರೆ ಮದ್ವೆಗಂಡು ಓಗಿ ಗೋಡೆಗೆ ಗುದ್ಕಬೇಕು, ಅಂಗಿತ್ತು ಲೆಕ್ಕ.

ಆ ಮಾರ್ಚು ಕಿವಿಗೆ ಬಿದ್ರೆ ಕಾಲು ತಾನೇ ತಾನಾಗಿ ಎಜ್ಜೆ ಆಕ್ತಿತ್ತು. ಸಂತೆಗೋಯ್ತಿದ್ದ ಎಮ್ಮೆಗಳು ಲೆಫ್ಟ್ ರೈಟ್ ಆಕಿದ್ನ ನಾನೇ ಕಂಡಿವ್ನಿ. ನಾಕು ಕಾಲಿಗೆ ಲೆಫ್ಟ್ ರೈಟ್ ಎಂಗಯ್ಯಾ ಅಂತ ಕೇಳ್ಬ್ಯಾಡಿ. ಆಕಿದ್ವು.

ಒಂದಪ ಮಂಡ್ಯದ ತಾವ ನಾಲೆ ಏರಿ ಮೇಲೆ ಸಾಬ್ರು ಇಂಗೇ ಕಟ್ಕಂಡು ಓಯ್ತಾವ್ರೆ. ಎದೆ ಮುಂದ್ಕೆ, ಕೈ ಬೀಸ್ಕಂಡು. ಏರಿ ಎಡಕ್ಕೆ ತಿರುಗ್ತು. ಸಾಬ್ರು ನೆಟ್ಟಗೇ ಓದ್ರು. ಧಡಾರ್ ಅಂತ ನೀರ್ಗೆ ಬಿದ್ರು. ಗದ್ದೇಲಿ ಕಳೆ ಕೀಳ್ತಿದ್ದೋರೆಲ್ಲಾ ಓಡ್ ಬಂದು, ಅಗ್ಗ ಬುಟ್ಟು ಮ್ಯಾಕೆ ಎಳುದ್ರು. ಅದ್ರಲ್ಲೊಬ್ಬ ಕೇಳ್ದ, "ಅಲ್ಲಾ ಸಾಬ್ರೇ, ಕಣ್ಣು ಕಾಣ್ತದಲ್ವಾ? ರೋಡು ತಿರುಗಿದ್ದು ಗೊತ್ತಾಗ್ನಿಲ್ವಾ?"

ಸಾಬ್ರು ಗಡ್ಡ ಇಂಡ್ಕತಾ ಯೋಳುದ್ರು, "ರೋಡು ತಿರುಗ್ತು ಕಣಪ್ಪಾ. ಮಾರ್ಚು ತಿರುಗ್ನಿಲ್ಲ."

ಗೌಡ್ರು ಕೇಳಿದ ಮಾರ್ಚು

ಬಸರಾಳು ಕಡೆ ಒಬ್ರು ದೊಡ್ಡ ಗೌಡ್ರು ಸಾಯಕ್ಕೆ ಅಂತ ಮಲೀಕಂಡಿದ್ರು. ಅವ್ರಿಗೊಂದು ಆಸೆ. ತಮ್ಮ ಎಣದ ಮುಂದೆ ಬಾರ್ಸೋ ಮಾರ್ಚ್ನ ತಾವೇ ಒಂದಪ ಕೇಳ್ಬೇಕು ಅಂತ. ಸತ್ ಮೇಲೆ ಕೇಳಕ್ಕಾಯ್ತದಾ? ನ್ಯಾಯವಾದ ಮಾತು.

ಸಾಬ್ರು ಮನೆ ಬಾಗ್ಲಿಂದ ತೋಟದಲ್ಲಿ ಗುಂಡಿ ತೋಡೋ ಜಾಗದಗಂಟ ನಡ್ಕಂಡು, ನಿಧಾನಕ್ಕೆ ಓಗೋ ಮಾರ್ಚು ಕಟ್ಟುದ್ರು. ನಾವು ಅಟ್ಟಿ ಅಂಗಳದಲ್ಲಿ ನಿಂತು ಬಾರ್ಸುದ್ವಿ. ಎಂಗಸ್ರು ಎಲ್ಲಾ ಈಗ್ಲೇ ಅಳಕ್ಕೆ ಸುರು ಮಾಡುದ್ರು. ಗೌಡ್ರು ಮಂಚದ ಮೇಲೆ ಕಣ್ಮುಚ್ಕಂಡು ಪೂರ್ತಿ ಕೇಳುದ್ರು. ಆಮ್ಯಾಕೆ ಅಂದ್ರು, "ಇಷ್ಟು ನಿಧಾನಕ್ಕೆ ಒತ್ಕಂಡೋದ್ರೆ ಅರ್ಧ ದಾರೀಲೇ ವಾಸ್ನೆ ಬತ್ತೀನಿ ಕಣಯ್ಯಾ. ವಸಿ ಬಿರ್ರನೆ ಮಾಡು."

ಮಾರ್ನೆ ದಿನ ವಸಿ ಬಿರ್ರನೆ ಬಾರ್ಸುದ್ವಿ. "ಇನ್ನೂ ವಸಿ," ಅಂದ್ರು. ಅದ್ರ ಮಾರ್ನೆ ದಿನ ದಿಂಬಿಗೆ ಒರಗಿ ಕೂತ್ಕಂಡು ಕೇಳುದ್ರು. ಮುಂದಿನ ವಾರ ಮುದ್ದೆ ಕೇಳುದ್ರು, ಸೊಪ್ಪಿನ ಸಾರು ಕೇಳುದ್ರು. ಕೊನೇಗೆ ಎದ್ದು ಮಂಚದ ಪಕ್ಕ ನಿಂತ್ಕಂಡು ಕಾಲು ಕುಟ್ಟಕ್ಕೆ ಸುರು ಮಾಡುದ್ರು. ಗೌಡ್ರ ಇರೀ ಮಗ ಸಾಬ್ರನ್ನ ಕೊಟ್ಗೆ ಇಂದ್ಕೆ ಕರ್ಕಂಡೋಗಿ, ಪಿಸಿಪಿಸಿ ಅಂತ ಅಂದ, "ಸಾಬ್ರೇ, ನಿಮ್ ಕಾಲಿಗೆ ಬೀಳ್ತೀನಿ. ನೀವಿಂಗೆ ತಿದ್ತಾ ಕೂತ್ರೆ ನಮ್ಮಪ್ಪ ಸಾಯೋದೇ ಇಲ್ಲ. ಎಂಗದೋ ಅಂಗೇ ಇರ್ಲಿ ಬುಡಿ."

ಬುಟ್ರು. ಗೌಡ್ರು ಅದೇ ತಿಂಗ್ಳು ತೀರೋದ್ರು. ಅವ್ರು ಒಪ್ಪಿದ ಬಿರುಸ್ನಲ್ಲೇ ನಾವು ಬಾರ್ಸುದ್ವಿ, ಚಟ್ಟ ಒತ್ತೋರು ಓಡಕ್ಕೆ ಸುರು ಮಾಡುದ್ರು, ನಂಟ್ರು ಇಷ್ಟ್ರು ಪಂಚೆ ಎತ್ತಿ ಕಟ್ಕಂಡು ಇಂದೆ ಓಡುದ್ರು. ತೋಟದಲ್ಲಿ ಗುಂಡಿ ತೋಡೋರು ಇನ್ನೂ ಮೊಣಕಾಲುದ್ದ ಇಳ್ದಿದ್ರು ಅಷ್ಟೆ. ಒಬ್ಬ ತಲೆ ಎತ್ತಿ ನೋಡಿ, ಗುದ್ಲಿ ಬುಟ್ಟು, "ಏನ್ಲಾ ಇದು, ಗೌಡ್ರು ಈಗ್ಲೂ ಕೆಲ್ಸ ಆಗದಾ ಇಲ್ವಾ ಅಂತ ನೋಡಕ್ಕೆ ಓಡ್ ಬಂದವ್ರೆ," ಅಂದ.

ಬೇರೆಯೋರ ಮಕ್ಳ ಮಾರ್ಚು

ಆಮ್ಯಾಕೆ ಜರ್ಮನಿಯೋರ ಲಡಾಯಿ ಬಂತು. ದಂಡಿಗೆ ಜನ ಬೇಕು ಅಂತ ಒಬ್ಬ ಸುಬೇದಾರ ಲಾರಿ ತಕ್ಕಂಡು ಬಂದ. ಸಂತೆ ಮಾಳದಲ್ಲಿ ನಿಂತ್ಕಂಡು ಏನ್ ಭಾಸಣ ಮಾಡುದ್ರೂ ಜನ ಬೆಲ್ಲದ ಮೇಲಿನ ನೊಣ ನೋಡ್ದಂಗೆ ನೋಡಿ ಓಯ್ತಿದ್ರು. ಸಾಬ್ರನ್ನ ಕೇಳ್ಕಂಡ, ಒಂದು ಮಾರ್ಚು ಕಟ್ಟಿಕೊಡಿ ಅಂತ. ಸಾಬ್ರಿಗೆ ಅಳೇ ದಂಡಿನ ಉಮೇದು. ಸಂತೆ ಮಾಳದಿಂದ ಲಾರಿಗಂಟ ಒಂದು ಮಾರ್ಚು ಕಟ್ಟುದ್ರು.

ಅಂಥಾ ಮಾರ್ಚ್ನ ನಾನು ಅದಕ್ಕೂ ಮೊದ್ಲು ಬಡಿದಿರ್ನಿಲ್ಲ. ಮೆಣ್ಸಿನ್ಕಾಯಿ ಮಾರ್ತಿದ್ದೋನು ತಕ್ಕಡಿ ಬುಟ್ಟು ಬಂದ. ಕ್ಸೌರ ಮಾಡಿಸ್ಕತಿದ್ದೋನು ಅರ್ಧ ಗಡ್ಡದಲ್ಲೇ ಎದ್ದು ಬಂದ. ಒಬ್ಬ ಮುದುಕ ಲಾರಿ ಅತ್ತಿ ಕೂತ್ಕಂಡು, ಇಳಿಯಕ್ಕೇ ಒಲ್ಲೆ ಅಂದ. ಎಲ್ಲಾರ್ಗಿಂತ ಮೊದ್ಲು ಲಾರಿ ಅತ್ತಿದ್ದು ಯಾರು ಅಂದ್ರೆ, ಕಾರ್ನೆಟ್ಟು ಕಂಕುಳಲ್ಲಿ ಇಟ್ಕಂಡು, ನಮ್ ಸಾಬ್ರ ಮಗ.

ಸುಬೇದಾರ ಬಂದು ಸಾಬ್ರ ಬೆನ್ನು ತಟ್ಟಿ, "ಶಾಭಾಶ್ ಮಾಸ್ತರ್, ನಿಮ್ ಮಾರ್ಚು ನಿಮ್ ಮನೆ ಹುಲೀನೇ ಎಬ್ಬಿಸ್ತು," ಅಂದ.

ಸಾಬ್ರು ಲಾರೀನೇ ನೋಡ್ತಿದ್ರು. "ನಾನು ಬೇರೆಯೋರ ಮಕ್ಳಿಗೆ ಅಂತ ಕಟ್ಟಿದ್ದು ಸುಬೇದಾರ್ರೇ," ಅಂದ್ರು.

ಲಡಾಯಿ ಸುರುವಾದ್ರೆ ದಂಡಿನ ಬ್ಯಾಂಡ್ನೋರು ಕಹಳೆ ಕೆಳಗಿಟ್ಟು, ಗಾಯ ಆದೋರ್ನೂ ಸತ್ತೋರ್ನೂ ಒರ್ಬೇಕಂತೆ. ಇದು ಬೂವಮ್ಮನ ಕಿವಿಗೆ ಬಿತ್ತು. ಆವತ್ತಿಂದ ಸಾಬ್ರ ಸಾರಿಗೆ ಉಪ್ಪು ಬೀಳ್ನಿಲ್ಲ. "ಸಪ್ಪೆಯಾಗದಲ್ಲಾ," ಅಂದ್ರೆ, "ಅಪ್ಪ ಇಲ್ಲಿ ಎಣದ ಮುಂದೆ, ಮಗ ಅಲ್ಲಿ ಎಣದ ಕೆಳಗೆ. ನಿಮ್ಗೆ ಬಾಯ್ರುಚಿ ಬ್ಯಾರೆ ಕೇಡು," ಅನ್ನೋರು.

ಬ್ಲಫ್‌ನಲ್ಲಿ ಒಂದು ಸ್ವರ

ಮಗ ಬರ್ಮಾ ಕಡೆ ಓದ ಅಂತ ಒಂದಪ ಸುದ್ದಿ ಬಂತು. ಆಮ್ಯಾಕೆ ಏನೂ ಇಲ್ಲ. ಬದುಕವ್ನೆ ಅಂತ್ಲೂ ಇಲ್ಲ, ಸತ್ತ ಅಂತ್ಲೂ ಇಲ್ಲ. ಸಾಬ್ರು ಒಂದು ಅಟ ಇಡುದ್ರು. ಮಗ ರೈಲಿಳಿದು ಬರೋ ದಿನಕ್ಕೆ, ಮದ್ದೂರು ಟೇಸನ್ನಿಂದ ಮನೆ ಒಸ್ಲುಗಂಟ ಒಂದು ಮಾರ್ಚು ಕಟ್ತೀನಿ. ಅದು ಮುಗಿಯೋಗಂಟ ಅವ್ನು ಸಾಯಕ್ಕಿಲ್ಲ ಅಂತ. ಅದ್ಕೇ ಬೇಕು ಬೇಕು ಅಂತ ನಿಧಾನ ಮಾಡೋರು. ಕಟ್ಟೋರು, ಕೆಡವೋರು.

ಆ ಟೈಮ್ನಲ್ಲಿ, ನೀರಿಂದ ಕರೆಂಟು ತೆಗೆಯೋ ಬ್ಲಫ್‌ನಲ್ಲಿ ಕರೆಂಟ್ನೋರ ಕಾರ್ಯಕ್ರಮ ಒಂದಕ್ಕೆ ನಮ್ಮುನ್ನ ಕರುದ್ರು. ಅಲ್ಲಿ ಮಿಸಿನ್ನು ಅಗ್ಲೂ ರಾತ್ರಿ ಗುಂಯ್ ಅಂತ ಒಂದೇ ಸ್ವರ ಇಡ್ದಿರ್ತದೆ. ನಾವು ಸುರು ಮಾಡುದ್ವಿ, ಸಾಬ್ರು ಕೈ ಎತ್ತಿ ನಿಲ್ಸುದ್ರು. ಸೀದಾ ಇಂಜಿನಿಯರ್ ತಾವ ಓಗಿ, "ಸ್ವಾಮಿ, ನಿಮ್ ಮಿಸಿನ್ನು ನಮ್ ಕ್ಲಾರಿನೆಟ್ಟಿಗಿಂತ ಒಂದು ಸ್ವರ ಮೇಲದೆ. ವಸಿ ಇಳಿಸ್ಕೊಡಿ," ಅಂದ್ರು.

ಇಂಜಿನಿಯರ್ ಕನ್ನಡಕ ತೆಗ್ದು, "ಏನ್ರೀ ಸಾಬ್ರೇ, ಅದನ್ನ ಇಳಿಸಿದ್ರೆ ಕೋಲಾರದ ಚಿನ್ನದ ಗಣೀಲಿ ದೀಪ ಮಂಕಾಗ್ತದೆ," ಅಂದ್ರು.

"ಒಂದೇ ಸ್ವರ ಸ್ವಾಮಿ. ಗಣಿಯೋರಿಗೆ ಗೊತ್ತಾಗಕ್ಕಿಲ್ಲ."

ಇಂಜಿನಿಯರ್ ಒಪ್ನಿಲ್ಲ. ಸಾಬ್ರು ಆವತ್ತು ಊಟಕ್ಕೂ ಬರ್ದೆ ಆ ಮಿಸಿನ್ನಿನ ಗೋಡೆಗೆ ಕಿವಿ ಇಟ್ಕಂಡು ನಿಂತಿದ್ರು. ನಾನು ಓಗಿ ಕರ್ದೆ. "ಇರು," ಅಂದ್ರು. "ಇಲ್ಲಿ ನಿಂತ್ರೆ ಬ್ಯಾರೆ ಏನೂ ಕೇಳಕ್ಕಿಲ್ಲ. ಮನೇಲಿ ಅವ್ಳು ಅಳೋದು ಕೇಳ್ತದೆ."

ನಾನೂ ಪಕ್ಕದಲ್ಲಿ ಕಿವಿ ಇಟ್ಟು ನಿಂತ್ಕಂಡೆ. ಎಂಗೂ ನನ್ ಎಂಡ್ರೂ ಅವತ್ತು ಜಗಳ ಆಡಿದ್ಲು.

ಮಗ ಬಂದ

ಎಷ್ಟು ನಿಧಾನ ಮಾಡುದ್ರೂ ಮಾರ್ಚು ಸಿದ್ಧ ಆಯ್ತು. ಲಡಾಯೀನೂ ಮುಗೀತು. ಮಗನ ಸುದ್ದಿ ಇಲ್ಲ. ಸಾಬ್ರು ಪ್ರತಿ ಶುಕ್ರವಾರ ನಮಾಜು ಮುಗ್ಸಿ ನಮ್ಮುನ್ನ ಟೇಸನ್ಗೆ ಕರ್ಕಂಡೋಗಿ ರೀರ್ಸಲ್ಲು ಮಾಡ್ಸೋರು. ಮಗನ ಜಾಗದಲ್ಲಿ ಯಾರಾರ ನಡೀಬೇಕಲ್ಲ, ತಾಳದೋನ್ನ ನಮ್ಮ ಇಂದೆ ಬುಡೋರು. ಮಾರ್ಚು ಮನೆ ಒಸ್ಲಿಗೆ ಓಗಿ ಟಕ್ಕಂತ ನಿಲ್ತಿತ್ತು. ಬೂವಮ್ಮ ಬಾಗ್ಲು ತೆಗ್ದು, ಇಂದಿಂದ ಬಂದ ತಾಳದೋನ ಮಕ ನೋಡಿ, ಬಾಗ್ಲಾಕ್ಕಂಡು ಒಳಗೋಗೋರು. ಒಂದಪ ತಾಳದೋನೇ ನೊಂದ್ಕಂಡು, "ನನ್ ಮಕ ಕಂಡ್ರೆ ಬಾಗ್ಲಾಕದು ನನ್ ಎಂಡ್ರು ಒಬ್ಳೇ ಅನ್ಕಂಡಿದ್ದೆ," ಅಂದ.

ಕೊನೇಗೂ ತಂತಿ ಬಂತು, ಮಗ ಬತ್ತಾವ್ನೆ ಅಂತ. ಅಷ್ಟೆ, ಬ್ಯಾರೆ ಏನೂ ಬರ್ದಿರ್ನಿಲ್ಲ. ನಾವು ಗುಂಡಿ ಆಕಿದ್ದ ಕೋಟು ತೊಟ್ಕಂಡು ಟೇಸನ್ ಒರಗೆ ಸಾಲಾಗಿ ನಿಂತ್ವಿ. ರೈಲು ಕೂಗ್ತು, ನಿಂತ್ಕಂತು. ಅವ್ನ ಟೋಪಿ ಗೇಟ್ನಲ್ಲಿ ಕಾಣ್ತಿದ್ದಂಗೆ ಸಾಬ್ರು ಬ್ಯಾಂಡು ನಡ್ಸೋ ಕಡ್ಡಿ ಎತ್ತುದ್ರು. ತಿರುಗಿ ನೋಡಂಗಿಲ್ಲ ಅನ್ನೋದು ಬ್ಯಾಂಡಿನ ಕಾನೂನು. ಬಾರಿಸ್ಕಂಡು ಒಂಟ್ವಿ. ಜಲ್ಮದಲ್ಲಿ ಅಷ್ಟು ಚೆಂದ ಬಾರ್ಸಿರ್ನಿಲ್ಲ. ಒಸ್ಲು ಮುಟ್ಟುದ್ವಿ, ಟಕ್ಕಂತ ನಿಂತ್ವಿ.

ಬೂವಮ್ಮ ಬಾಗ್ಲು ತೆಗುದ್ರು. "ಎಲ್ಲಿ ನನ್ ಮಗ?" ಅಂದ್ರು.

ತಿರುಗಿ ನೋಡುದ್ವಿ. ಇಂದೆ ಒಂದು ನಾಯಿ ಅದೆ ಅಷ್ಟೆ. ಸಾಬ್ರ ಮಕದಲ್ಲಿ ರಕ್ತ ಇಲ್ಲ.  ವಸಿ ಒತ್ತಾದ್ಮೇಲೆ ಬೀದಿ ತಿರುವ್ನಲ್ಲಿ ಒಂದು ಸದ್ದು. ಟಕ್... ಧಪ್. ಟಕ್... ಧಪ್. ಕಂಕುಳಿಗೆ ಕೋಲು ಕೊಟ್ಕಂಡು ಅವ್ನು ಬತ್ತಾವ್ನೆ. ಎಡಗಾಲು ಮೊಣಕಾಲಿಂದ ಕೆಳಕ್ಕಿಲ್ಲ. ಬೆವ್ರು ಇಳೀತಾ ಅದೆ.

ಬಾಗ್ಲಿಗೆ ಬಂದು, ಕೋಲ್ನ ಮೇಲೆ ಒರಗಿ ನಿಂತ್ಕಂಡು, "ಅಬ್ಬಾಜಾನ್, ಮಾರ್ಚು ಭಾಳ ಚೆಂದಾಗದೆ. ಆದ್ರೆ ಅದು ಎರಡ್ ಕಾಲಿಂದು," ಅಂದ.

ಲಡಾಯಿಗೆ ಓಗಿದ್ದೋರು

ಸಾಬ್ರು ಆ ಮಾರ್ಚ್ನ ತಿರ್ಗ ಬಾರಿಸ್ನಿಲ್ಲ. ಮಗ ಅಂಗ್ಡಿಗೆ ಓದ್ರೆ ಇಂದೆ, ಮಸೀದಿಗೆ ಓದ್ರೆ ಇಂದೆ, ತಲೆ ತಗ್ಗಿಸ್ಕಂಡು ಕೋಲಿನ ಸದ್ದು ಕೇಳ್ಕಂಡು ಓಗೋರು. ಮಗ ರೇಗ್ತಿದ್ದ. "ಪೋಲೀಸ್ನೋರಂಗೆ ಯಾಕೆ ಇಂದೆ ಬತ್ತೀರಿ? ಕೋಲು ಕದ್ಕಂಡು ಓಡೋಯ್ತೀನಾ? ಓಡಕ್ಕಾದ್ರೆ ಕೋಲ್ಯಾಕೆ?" ಸಾಬ್ರು ಎಜ್ಜೆ ಎಣಿಸ್ಕಂಡು ಬರೋರು. ಬಾಯಲ್ಲಿ ಟಕ್... ಧಪ್.

ಸ್ವಾತಂತ್ರ್ಯ ಬಂತು. ಟೇಸನ್ನಿಂದ ದೊಡ್ಡ ಮೆರವಣಿಗೆ ತೆಗೀಬೇಕು ಅಂತ ಊರಿನ ಖಾದಿ ಟೋಪಿಯೋರು ಬಂದು ಕೂತ್ರು. "ಸಾಬ್ರೇ, ನಿಮ್ ಅಳೇ ಮಾರ್ಚೆಲ್ಲಾ ಇಂಗ್ಲಿಸ್ನೋರ ಮಟ್ಟು. ಅದ್ಯಾವ್ದೂ ಬ್ಯಾಡ. ಇಂಗ್ಲಿಸ್ನೋರ ತಾವ ಇಲ್ದೇ ಇರೋದು ಬೇಕು."

"ಒಂದದೆ," ಅಂದ್ರು ಸಾಬ್ರು. "ಆದ್ರೆ ನನ್ ಮಗ ಎಲ್ಲಾರ್ಗಿಂತ ಮುಂದೆ ನಡೀಬೇಕು."

ಅವ್ರು ಒಬ್ರ ಮಕ ಒಬ್ರು ನೋಡ್ಕಂಡ್ರು. ಅವ್ರ ಪೈಕಿ ಯಜಮಾನ್ರು ಅಂದ್ರು, "ಅದೆಂಗಾಯ್ತದೆ? ಬಿಳಿಯೋರ ಪರ ಲಡಾಯಿಗೆ ಓಗಿದ್ದೋನು ಸ್ವಾತಂತ್ರ್ಯದ ಮೆರವಣಿಗೆ ಮುಂದೆ ಯಾಕೆ? ಇಂದೆ ಎಲ್ಲಾದ್ರೂ ಬರ್ಲಿ."

"ಇಂದೆ ಬರೋದ್ನ ಒಂದಪ ನೋಡಿವ್ನಿ. ಅವ್ನು ಮುಂದಿಲ್ದೆ ಬ್ಯಾಂಡಿಲ್ಲ," ಅಂದ್ರು ಸಾಬ್ರು. ಬ್ಯಾರೆ ಬ್ಯಾಂಡು ತರ್ಸಕ್ಕೆ ಒತ್ತಿರ್ನಿಲ್ಲ. ಗೊಣಗ್ಕಂಡು ಒಪ್ಪುದ್ರು.

ಆವತ್ತು ಮಗ ದಂಡಿನ ಕೋಟು ಆಕ್ಕಂಡು, ಬಾವುಟದ ಪಕ್ಕದಲ್ಲೇ ಎಲ್ಲಾರ್ಗಿಂತ ಮುಂದೆ ನಿಂತ. ಅವ್ನ ಇಂದೆ ನಾವು, ನಮ್ಮ ಇಂದೆ ಊರ ಗಣ್ಯರು. ಸಾಬ್ರು ಕಡ್ಡಿ ಎತ್ತುದ್ರು. ನಾನು ಡ್ರಮ್ಮು ಬಡ್ದೆ. ಒಂದು ಗಿಡ್ಡ ಏಟು, ಒಂದು ಉದ್ದ ಏಟು. ಟಕ್... ಧಪ್. ಸಾಬ್ರು ಕಟ್ಟಿದ ಮಾರ್ಚು ಅಂದ್ರೆ ಕಾಲು ನಮ್ ಮಾತು ಕೇಳಕ್ಕಿಲ್ವಲ್ಲ. ಮೊದ್ಲು ಖಾದಿ ಟೋಪಿ ಯಜಮಾನ್ರು ಕುಂಟುದ್ರು. ಅವ್ರ ಪಕ್ಕ ಅಮಲ್ದಾರ್ರು ಕುಂಟುದ್ರು. ಅಕ್ಕಿ ಮಂಡಿ ಸೆಟ್ರು, ಇಸ್ಕೂಲ್ ಮೇಷ್ಟ್ರು, ಸಾಲು ಸಾಲಾಗಿ ಕುಂಟ್ತಾ ಬಂದ್ರು. ಬಂದೋಬಸ್ತಿಗೆ ಬಂದಿದ್ದ ದಫೇದಾರ ಕುಂಟಬಾರ್ದು ಅಂತ ಅಟ ಮಾಡಿ, ಕಾಲಿಗೆ ಕಾಲು ತೊಡರಿ ಚರಂಡಿಗೆ ಬಿದ್ದ. ಇಡೀ ಮದ್ದೂರು ಬೀದೀಲಿ ಎಜ್ಜೆ ತಪ್ಪದಂಗೆ, ತಲೆ ಎತ್ಕಂಡು ನಡೆದೋನು ಒಬ್ನೇ, ಸಾಬ್ರ ಮಗ.

ಮಾರ್ಚು ಸಾಬ್ರ ಮನೆ ಒಸ್ಲಿಗೆ ಬಂದು ಮುಗೀತು. ಇನ್ನೊಂದೆಜ್ಜೆ ಮಿಕ್ಕಿರ್ನಿಲ್ಲ. ಮಗನ ಕೋಲು ಒಸ್ಲ ಮೇಲೆ, ನನ್ ಕೊನೇ ಏಟು ಡ್ರಮ್ಮಿನ ಮೇಲೆ, ಎರಡೂ ಒಟ್ಗೆ ಬಿದ್ವು.

ಬೂವಮ್ಮ ಬಾಗ್ಲು ತೆಗುದ್ರು. ಮಗನ್ನ ನೋಡುದ್ರು. ಆಮ್ಯಾಕೆ ಅವ್ನ ಇಂದೆ ಟೇಸನ್ಗಂಟ ಸೊಂಟ ಇಡ್ಕಂಡು, ಒಂದೇ ಕಾಲ್ಮೇಲೆ ಭಾರ ಬುಟ್ಟು ನಿಂತಿದ್ದ ಗಣ್ಯರ್ನೆಲ್ಲಾ ನೋಡುದ್ರು. ಸೆರಗು ಬಾಯಿಗಿಟ್ಕಂಡು ಸಾಬ್ರನ್ನ ಕೇಳುದ್ರು:

"ಇವ್ರೆಲ್ಲಾ ಪಾಪ, ಯಾವ ಲಡಾಯಿಗೆ ಓಗಿದ್ರು?"